ಒಂದು ಹಿಡಿ ಹೆಪ್ಪು

ನಮ್ಮ ಮಾವನವರನ್ನು ಸಂತೆಗೆ ಕರೆದುಕೊಂಡು ಹೋಗುವುದೂ ಒಂದೇ, ಜಗಳವನ್ನು ಕೈಹಿಡಿದು ನಡೆಸಿಕೊಂಡು ಹೋಗುವುದೂ ಒಂದೇ. ಗೇಟು ದಾಟುವ ಮೊದಲೇ ಗಾಡಿ ನಿಲ್ಲಿಸುವ ಜಾಗದ ಕಾವಲುಗಾರನ ಹತ್ತಿರ ಒಂದು ಸುತ್ತು ಮುಗಿದಿತ್ತು. ಒಳಗೆ ಬಂದವರೇ ಮಡಕೆ ಮಾರುವವಳ ಹೂಜಿಯೊಂದನ್ನು ಎತ್ತಿ, ಬೆರಳಿನಿಂದ ತಟ್ಟಿ, “ಇದು ಸರಿಯಾಗಿ ಬೆಂದಿಲ್ಲ, ನೀರು ಹಾಕಿದ್ರೆ ಸೋರುತ್ತೆ” ಎಂದು ಗಿರಾಕಿಗಳ ಎದುರಿಗೇ ಹೇಳಿದರು. ಮರದ ಸೌಟು ಕೆತ್ತುವವನಿಗೆ ಸೌಟಿನ ಕುಳಿ ಆಳ ಸಾಲದು ಎಂದರು. ಹಣ್ಣಿನ ಜಾಮು ಮಾಡುವ ಹೆಂಗಸು ಪಾಪ, ರುಚಿ ನೋಡಿ ಎಂದು ಚಮಚ ಚಾಚಿದರೆ, “ನೀನು ಮಾರ್ತಿರೋದು ಹಣ್ಣೋ ಸಕ್ಕರೆಯೋ?” ಎಂದು ಕೇಳಿ ಅವಳ ಮುಖ ಸಪ್ಪೆ ಮಾಡಿದರು. ಅವರ ಹಿಂದೆ ನಾನು ಎಲ್ಲರಿಗೂ ಹಲ್ಲು ಕಿರಿಯುತ್ತಾ ನಡೆದೆ. ಹಲ್ಲು ಕಿರಿದದ್ದಷ್ಟೇ, ಒಳಗೊಳಗೇ ಕುದಿಯುತ್ತಿದ್ದೆ.

ನನ್ನ ಕಂಕುಳಲ್ಲಿ ಒಂದು ಖಾಲಿ ಜಾಡಿ ಇತ್ತು. ಅದನ್ನು ತುಂಬಿಸಿಕೊಂಡು ಹೋಗುವುದಕ್ಕೇ ನಾವು ನಾಲ್ಕೂ ಜನ ಬಂದದ್ದು. ಮಾವ, ಅತ್ತೆ, ನಮ್ಮವರು, ನಾನು.

ನಮ್ಮದು ಬ್ರೆಡ್ಡಿನ ಬೇಕರಿ. ನಮ್ಮ ಬ್ರೆಡ್ಡು ಪೇಟೆಯ ಯೀಸ್ಟ್ ಪುಡಿ ಹಾಕಿ ಉಬ್ಬಿಸಿದ್ದಲ್ಲ. ಮೊಸರಿಗೆ ಹೆಪ್ಪು ಹಾಕುವ ಹಾಗೆ, ಇವತ್ತು ನಾದಿದ ಹಿಟ್ಟಿನಲ್ಲಿ ಒಂದು ಹಿಡಿ ತೆಗೆದಿಟ್ಟು ಅದನ್ನೇ ನಾಳೆಯ ಹಿಟ್ಟಿಗೆ ಬೆರೆಸುವುದು. ಮಾವನ ಅಜ್ಜಿಯ ಕಾಲದಿಂದ ಅದು ಹಾಗೇ ನಡೆದು ಬಂದಿತ್ತು. ಮನೆಯಲ್ಲಿ ಯಾರು ಸತ್ತರೂ ಯಾರು ಹುಟ್ಟಿದರೂ ಆ ಒಂದು ಹಿಡಿಯನ್ನು ಯಾರೂ ಮರೆತಿರಲಿಲ್ಲ. ಅದಕ್ಕೆ ಮಾವನ ಕಟ್ಟಪ್ಪಣೆ ಬೇರೆ ಇತ್ತು: ಹಸಿ ಹಿಟ್ಟು ಮನೆಯ ಹೊಸಿಲು ದಾಟಬಾರದು. ಬೇಯಿಸಿದ್ದನ್ನು ಯಾರಿಗೆ ಬೇಕಾದರೂ ಮಾರು, ಹಸಿಯದ್ದನ್ನು ಹೆತ್ತ ತಾಯಿ ಕೇಳಿದರೂ ಕೊಡಬೇಡ.

ಇಂಥ ಹೆಪ್ಪನ್ನು ಮನೆಯವರೇ ಕಳೆದರು. ಹೋದ ಚಳಿಗಾಲದಲ್ಲಿ ಮಾವನಿಗೂ ಅತ್ತೆಗೂ ಮಾತು ಬಿಟ್ಟಿತ್ತು. ಕಾರಣ ಈಗ ಇಬ್ಬರಿಗೂ ನೆನಪಿಲ್ಲ. ಆ ವಾರ ಒಂದು ದೊಡ್ಡ ಔತಣಕ್ಕೆ ಆರ್ಡರು ಬಂತು. ಹಿಡಿ ತೆಗೆದಿಡುವುದು ಅವರಿಬ್ಬರ ಕೆಲಸ, ಅದನ್ನು ನನ್ನ ಕೈಗೆ ಬಿಟ್ಟಿರಲಿಲ್ಲ. ಅತ್ತೆ ಒಂದು ಹಿಡಿ ತೆಗೆದಿಟ್ಟಿರುತ್ತಾಳೆ ಎಂದು ಮಾವ ಅಂದುಕೊಂಡರು. ಅವರೇ ಇಟ್ಟಿರುತ್ತಾರೆ ಎಂದು ಅತ್ತೆ ಅಂದುಕೊಂಡರು. ಬಾಯಿಬಿಟ್ಟು ಕೇಳಿದರೆ ಸೋತ ಹಾಗಲ್ಲವೇ? ಇಬ್ಬರೂ ಕೇಳಲಿಲ್ಲ. ಕೊನೆಯ ಚೂರಿನವರೆಗೂ ಅಷ್ಟೂ ಹಿಟ್ಟು ಒಲೆಗೆ ಹೋಯಿತು. ಮಾರನೆಯ ಬೆಳಗ್ಗೆ ಬರಿದಾದ ಹಿಟ್ಟಿನ ತೊಟ್ಟಿಯ ಆಚೆ ಒಬ್ಬರು, ಈಚೆ ಒಬ್ಬರು ನಿಂತು “ಇಡೋದು ನಿನ್ನ ಕೆಲಸ”, “ನಿಮ್ಮ ಕೆಲಸ” ಎಂದು ಶುರು ಮಾಡಿದರು. ಬಿಟ್ಟಿದ್ದ ಮಾತು ಹಾಗೆ ಮತ್ತೆ ಕೂಡಿತು.

ಹೊಸ ಹೆಪ್ಪು ಎಬ್ಬಿಸಲು ನಾನು ಮಾಡದ ಪ್ರಯತ್ನವಿಲ್ಲ. ಹಿಟ್ಟು ನೀರು ಕಲಸಿಟ್ಟು ಮಗುವನ್ನು ಕಾದಂತೆ ಕಾದೆ. ಉಬ್ಬಿತು, ಆದರೆ ಒದ್ದೆ ಬಟ್ಟೆಯ ವಾಸನೆ. ಕೊನೆಗೆ ಪೇಟೆಯ ಪುಡಿಗೇ ಶರಣಾದೆವು. ಹಳೆಯ ಗಿರಾಕಿಗಳು ಮರ್ಯಾದೆಯಿಂದ ಒಂದೆರಡು ಸಲ ಕೊಂಡು, ಆಮೇಲೆ ನಮ್ಮ ಬೀದಿಯನ್ನೇ ಬಿಟ್ಟು ಸುತ್ತಿ ಹೋಗತೊಡಗಿದರು. ಪಕ್ಕದ ಚಪ್ಪಲಿ ಅಂಗಡಿಯವನು ಗೋಡೆ ಒಡೆದು ನಮ್ಮ ಒಲೆಮನೆಯನ್ನು ಗೋದಾಮು ಮಾಡಿಕೊಳ್ಳಲು ತುದಿಗಾಲಲ್ಲಿ ನಿಂತಿದ್ದ. ಈ ತಿಂಗಳು ನೋಡುತ್ತೇನೆ, ಆಗದಿದ್ದರೆ ಕೊಟ್ಟುಬಿಡುತ್ತೇನೆ ಎಂದು ಮಾವ ಹೇಳಿಯೂ ಬಿಟ್ಟಿದ್ದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಕತ್ತಲಿರುವಾಗಲೇ ಎದ್ದು ಒಲೆ ಹಚ್ಚುವವಳು ನಾನು, ತೋಳು ಸುಟ್ಟುಕೊಳ್ಳುವವಳು ನಾನು. ಅಡುಗೆಮನೆಯಲ್ಲಿ ನಾನು ಸೊಸೆ, ನಡುಮನೆಯಲ್ಲಿ ಸೊಸೆ, ಆ ಒಲೆಯ ಮುಂದೆ ಮಾತ್ರ ನಾನು ನಾನೇ. ಅದು ಹೋದರೆ ನನಗೆ ಏನೂ ಉಳಿಯುವುದಿಲ್ಲ.

ಹೆಪ್ಪು ಬದುಕಿದ್ದದ್ದು ಒಂದೇ ಕಡೆ: ನನ್ನ ನಾದಿನಿಯ ಹತ್ತಿರ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಬೇಕರಿಯ ಒಲೆ ತನಗೆ ಬೇಕೆಂದು ಕೇಳಿದ್ದಳು. ಒಲೆ ಮಗನಿಗೆ ಎಂದರು ಮಾವ. ಮಗನಿಗೆ ಹಿಟ್ಟಿಗೂ ಸುಣ್ಣಕ್ಕೂ ವ್ಯತ್ಯಾಸ ತಿಳಿಯದು, ಅದು ಬೇರೆ ಮಾತು. ಅವಳು ಬುಟ್ಟಿ ಹೆಣೆಯುವವನೊಬ್ಬನನ್ನು ಮದುವೆಯಾಗಿ ಹೊರಟುಹೋದಳು, ಮರುವರ್ಷವೇ ಈ ಸಂತೆಯಲ್ಲಿ ಅವನ ಬುಟ್ಟಿಗಳ ಪಕ್ಕದಲ್ಲಿ ಬ್ರೆಡ್ಡು ಮಾರಲು ಕುಳಿತಳು. ತಿಂದವರು ಬಂದು, ಥೇಟ್ ನಿಮ್ಮದೇ ರುಚಿ ಎಂದರು. ಅಂದಿನಿಂದ ಮಾವನ ಬಾಯಲ್ಲಿ ಅವಳಿಗೆ ಬೇರೆ ಹೆಸರಿಲ್ಲ, ಕಳ್ಳಿ. ಕೇಳಿ ನೋಡೋಣ ಎಂದು ನಾನು ತಿಂಗಳುಗಟ್ಟಲೆ ಗೋಗರೆದ ಮೇಲೆ, “ಕೇಳೋಕಲ್ಲ, ಕದ್ದ ಮಾಲು ವಾಪಸ್ ತರೋಕೆ ಬರ್ತೀನಿ” ಎಂದು ಹೊರಟಿದ್ದರು.

ಬುಟ್ಟಿಯ ಸಾಲು ಬಂದಾಗ ಅತ್ತೆ ಹಿಂದೆ ಉಳಿದರು. ಅಲ್ಲೊಂದು ಇಲ್ಲೊಂದು ಬುಟ್ಟಿ ಮುಟ್ಟುತ್ತಾ, ಹಿಡಿ ಎಳೆದು ನೋಡುತ್ತಾ ಕಾಲ ತಳ್ಳುತ್ತಿದ್ದರು. “ಬೇಗ ಬಾ, ಬುಟ್ಟಿ ಕೊಳ್ಳೋಕೆ ಬಂದಿದೀವಾ?” ಎಂದು ಮಾವ ಗದರಿದರು.

ನಾದಿನಿ ನಮ್ಮನ್ನು ದೂರದಿಂದಲೇ ನೋಡಿದ್ದಳು. ಗಲ್ಲದ ಮೇಲೆ ಹಿಟ್ಟು, ಸೊಂಟಕ್ಕೆ ಬಿಗಿದ ಬಟ್ಟೆ. ಹಿಂದುಗಡೆ ಸಣ್ಣದೊಂದು ಕಬ್ಬಿಣದ ಒಲೆ, ಪಕ್ಕದಲ್ಲಿ ಬಟ್ಟೆ ಮುಚ್ಚಿದ ಹಿಟ್ಟಿನ ತೊಟ್ಟಿ. ಹಲಗೆಯ ಮೇಲೆ ಬ್ರೆಡ್ಡುಗಳು ಒಂದರ ಮೇಲೊಂದು ಕುಳಿತಿದ್ದವು, ಕಂದು ಬಣ್ಣಕ್ಕೆ ಬೆಂದು, ನೆತ್ತಿ ಬಿರಿದು. ಆ ವಾಸನೆ ಮೂಗಿಗೆ ಬಡಿದದ್ದೇ ನನಗೆ ಅಳು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಅವಳ ಗಂಡ ತಲೆ ತಗ್ಗಿಸಿ ಬುಟ್ಟಿ ಹೆಣೆಯುತ್ತಲೇ ಇದ್ದ.

“ಬನ್ನಿ, ಏನು ಕೊಡ್ಲಿ?” ಎಂದಳು, ಗುರುತೇ ಇಲ್ಲದವರನ್ನು ಕೇಳುವ ಹಾಗೆ.

“ನನ್ನ ಮನೆಯಿಂದ ಏನು ಹೊತ್ಕೊಂಡು ಬಂದ್ಯೋ ಅದನ್ನ ಕೊಡು” ಎಂದರು ಮಾವ.

ಅವಳು ಅವರನ್ನು ಬಿಟ್ಟು ನನ್ನ ಕಡೆ ತಿರುಗಿದಳು. ನನ್ನ ಕಂಕುಳನ್ನು ನೋಡಿ ನಕ್ಕಳು. “ಏನ್ ಅತ್ತಿಗೆ, ಜಾಡಿ ತಂದಿದೀರಾ? ಖಾಲಿ ಜಾಡಿ ಹಿಡ್ಕೊಂಡು ಬೀದಿ ಸುತ್ತೋ ಹಾಗಾಯ್ತಾ ನಮ್ಮನೆ ಪಾಡು?”

“ನಮ್ಮನೆ ಅನ್ನೋ ಮಾತು ಬಿಟ್ಟುಹೋದವರ ಬಾಯಲ್ಲಿ ಚೆನ್ನಾಗಿರಲ್ಲ” ಎಂದೆ.

“ನಾನೆಲ್ಲಿ ಬಿಟ್ಟುಹೋದೆ? ಆಚೆಗೆ ಹಾಕಿದ್ರು. ನನ್ನ ಜಾಗದಲ್ಲಿ ಬೆಚ್ಚಗೆ ಕೂತೋರಿಗೆ ಅದು ಹೇಗೆ ಗೊತ್ತಾಗುತ್ತೆ?”

“ಬೆಚ್ಚಗಾ? ತೋಳು ನೋಡು ಬಾ. ಚರ್ಮ ಎಲ್ಲಿದೆ ಅಂತ ಹುಡುಕಬೇಕು. ನೀನು ಬಿಟ್ಟುಹೋದ ಬೂದಿ ಬಾಚಿದೋಳು ನಾನು ಕಣೇ.”

ನಮ್ಮವರು ನನ್ನ ಸೆರಗು ಜಗ್ಗಿದರು. ಇಬ್ಬರು ದನಿ ಎತ್ತಿದರೆ ಸಾಕು, ನಮ್ಮವರಿಗೆ ಬಚ್ಚಲ ಕಡೆಗೆ ಅವಸರವಾಗುತ್ತದೆ. ಆಗಲೂ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು. “ಜನ ನೋಡ್ತಿದಾರೆ” ಎಂದು ಪಿಸುಗುಟ್ಟಿದರು. ನೋಡಲಿ ಎಂದೆ.

ನಾದಿನಿ ಕೈ ಒರೆಸಿಕೊಂಡಳು. “ಸರಿ, ಕೊಡ್ತೀನಿ. ಅಪ್ಪ ಬಾಯ್ಬಿಟ್ಟು ಕೇಳ್ಲಿ. ಮಗಳೇ, ಒಂದು ಹಿಡಿ ಕೊಡು ಅಂತ. ಅಷ್ಟು ಸಾಕು, ಜಾಡಿ ತುಂಬ ಕೊಡ್ತೀನಿ.”

ನಾನು ಮಾವನ ಮುಖ ನೋಡಿದೆ. ಕೇಳಿ ಮಾವ, ಒಂದು ಮಾತು, ನಿಮ್ಮ ಗಂಟೇನು ಹೋಗುತ್ತದೆ ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಅವರ ಕತ್ತಿನ ನರ ಉಬ್ಬಿತು. ಅವರು ಮಗಳ ಕಡೆ ತಿರುಗಲಿಲ್ಲ, ಜನರ ಕಡೆ ತಿರುಗಿದರು.

“ಕೇಳಿಸ್ಕೊಳ್ಳಿ ಎಲ್ಲರೂ! ಇಲ್ಲಿ ನೀವು ದುಡ್ಡು ಕೊಟ್ಟು ತಗೊಳ್ತಿರೋದು ಕದ್ದ ಮಾಲು. ಹೆತ್ತ ಅಪ್ಪನ ಮನೇಲೇ ಕನ್ನ ಹಾಕ್ದೋಳು ಇವಳು. ಇಂಥೋಳ ಹತ್ರ ನಾನು ಬೇಡ್ಬೇಕಂತೆ!”

ಬ್ರೆಡ್ಡು ಆರಿಸುತ್ತಿದ್ದ ಒಬ್ಬರು ಮುದುಕರು ಕೈಯಲ್ಲಿದ್ದದ್ದನ್ನು ಹಲಗೆಯ ಮೇಲೆ ಮೆಲ್ಲಗೆ ವಾಪಸು ಇಟ್ಟು ಹೊರಟುಹೋದರು. ನಾದಿನಿಯ ಮುಖದಿಂದ ನಗು ಇಳಿಯಿತು. ಬುಟ್ಟಿಯವನ ಕೈ ಮೊದಲ ಸಲ ನಿಂತಿತು. ನನಗೆ ಖುಷಿಯಾಗಬೇಕಿತ್ತು, ಸ್ವಲ್ಪ ಆಯಿತು ಕೂಡ. ಆದರೆ ನನ್ನ ಜಾಡಿ ಇನ್ನು ತುಂಬುವ ಹಾಗಿರಲಿಲ್ಲ. ಆ ಮುದುಕನನ್ನು ಅಲ್ಲೇ ಬಿಟ್ಟು ಹೋಗಿಬಿಡಬೇಕು ಎನ್ನಿಸುವಷ್ಟು ಕೋಪ ಬಂತು. ಮುದುಕ ಎಂದರೆ ನಮ್ಮ ಮಾವ.

“ಅವಳು ಕದೀಲಿಲ್ಲ” ಎಂದರು ಅತ್ತೆ. “ನಾನೇ ಕೊಟ್ಟೆ.”

ಇಷ್ಟು ಹೊತ್ತು ಅವರು ಬಂದಿದ್ದಾರೆಂಬುದನ್ನೇ ನಾವು ಮರೆತಿದ್ದೆವು.

“ಏನಂದೆ?” ಎಂದರು ಮಾವ.

“ಅವಳು ಹೊರಟ ದಿನ ಒಂದು ಹಿಡಿ ಹಿಟ್ಟು ಬಟ್ಟೇಲಿ ಸುತ್ತಿ ಕೈಗಿಟ್ಟೆ. ಬರಿಗೈಲಿ ಕಳಿಸೋಕೆ ಮನಸ್ಸಾಗಲಿಲ್ಲ.”

“ಯಾರನ್ನ ಕೇಳಿ ಕೊಟ್ಟೆ?”

“ಯಾರನ್ನ ಕೇಳ್ಬೇಕಿತ್ತು? ದಿನಾ ಅದಕ್ಕೆ ಹಿಟ್ಟು ನೀರು ಕೊಟ್ಟೋಳು ನಾನು. ಚಳಿ ಜಾಸ್ತಿ ಆದಾಗ ಹಾಸಿಗೇಲಿ ಮಗ್ಗುಲಿಗೆ ಇಟ್ಕೊಂಡು ಮಲಗ್ದೋಳು ನಾನು. ಬೋರ್ಡಿನ ಮೇಲೆ ಹೆಸರು ನಿಮ್ದು, ಬಿಡಿ, ಅದನ್ನ ನಾನು ಯಾವತ್ತಾದ್ರೂ ಕೇಳಿದೀನಾ?”

ಅತ್ತೆ ಹಲಗೆಯನ್ನು ಸುತ್ತಿಕೊಂಡು ಒಳಗೆ ಹೋದರು, ತೊಟ್ಟಿಯ ಬಟ್ಟೆ ಸರಿಸಿ, ತೋಳು ಮಡಚಿ, ಹಿಟ್ಟಿಗೆ ಕೈ ಹಾಕಿದರು.

“ಅಮ್ಮ, ಅಪ್ಪ ಕೇಳ್ಬೇಕು ಅಂದಿದೀನಿ ನಾನು” ಎಂದು ನಾದಿನಿ ಅಡ್ಡ ಬಂದಳು.

“ಸುಮ್ನಿರೇ. ಅವತ್ತು ನಿನಗೆ ಕೊಡುವಾಗ ನಿನ್ನ ಕೈಲಿ ಏನಾದ್ರೂ ಹೇಳಿಸ್ಕೊಂಡ್ನಾ ನಾನು?”

ನಾದಿನಿ ಪಕ್ಕಕ್ಕೆ ಸರಿದಳು. ಸರಿದದ್ದು ಒಪ್ಪಿಗೆಯಿಂದಲ್ಲ, ಹಲ್ಲು ಕಚ್ಚಿಕೊಂಡು. ಅತ್ತೆಯ ಮುಷ್ಟಿಯಿಂದ ಹಿಟ್ಟು ಎಳೆ ಎಳೆಯಾಗಿ ಜೋತು ಬೀಳುತ್ತಿತ್ತು. “ಮುಚ್ಚಳ ತೆಗಿ” ಎಂದು ನನಗೆ ಹೇಳಿದರು.

ತೆಗೆದೆ.

“ಮುಚ್ಚು ಅದನ್ನ!” ಮಾವ ಗುಡುಗಿದರು. “ಕದ್ದದ್ದನ್ನ ವಾಪಸ್ ತಗೊಳ್ಳೋಕೆ ಬಂದೋನು ನಾನು, ಭಿಕ್ಷೆಗಲ್ಲ. ಈ ಹಿಟ್ಟು ನನ್ನ ಹೊಸಿಲು ದಾಟಿದ್ರೆ, ನಾಳೆಯಿಂದ ನೀನು ಒಲೆ ಮುಟ್ಟಬೇಡ. ಕೇಳಿಸ್ತಾ?”

“ಬೇಡ ಕಣೇ” ಎಂದರು ನಮ್ಮವರು.

ಎಲ್ಲರೂ ನನ್ನನ್ನು ನೋಡುತ್ತಿದ್ದರು. ನಾದಿನಿಯೂ ಕೂಡ, ಇವಳ ಹಣೆಬರಹ ಇಷ್ಟೇ ಎಂಬಂತೆ ತುಟಿ ಕೊಂಕಿಸಿಕೊಂಡು. ನನಗೆ ಭಯವಾಯಿತು, ಸುಳ್ಳೇಕೆ ಹೇಳಲಿ. ಆದರೂ ಜಾಡಿಯನ್ನು ಮುಂದೆ ಚಾಚಿದೆ. ಅತ್ತೆ ಹಿಟ್ಟನ್ನು ಒಳಗಿಟ್ಟು, ಬೆರಳಿಗೆ ಅಂಟಿದ್ದನ್ನೂ ಜಾಡಿಯ ಬಾಯಿಗೆ ಒರೆಸಿದರು. ನಾನು ಮುಚ್ಚಳ ಮುಚ್ಚಿದೆ.

“ಆಯ್ತು ಮಾವ, ಮುಟ್ಟಲ್ಲ” ಎಂದೆ. “ನಾಳೆ ಬೆಳಗ್ಗೆ ನೀವೇ ಎದ್ದು ಹಚ್ಚಿ. ಸೌದೆ ಹಿಂದುಗಡೆ ಇದೆ. ಹಿಟ್ಟಿನ ಮೂಟೆ ನೀವೇ ಇಳಿಸ್ಕೊಳ್ಳಿ.”

ಮೊಣಕಾಲು ನೋವು ಬಂದ ಮೇಲೆ ಮಾವ ಒಲೆಯ ಮುಂದೆ ನಿಂತಿಲ್ಲ. ಅವರು ಮಗನ ಕಡೆ ನೋಡಿದರು. ನಮ್ಮವರು ನೆಲ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಹೇಳಿದರು: “ನನಗೆ ಬರಲ್ಲ ಅಪ್ಪ. ನಾನು ಯಾವತ್ತೂ ಕಲೀಲಿಲ್ಲ. ನಿಮಗೂ ಗೊತ್ತು.” ಮದುವೆಯಾದ ಮೇಲೆ ಅವರ ಬಾಯಿಂದ ನಾನು ಕೇಳಿದ ಮೊದಲ ಗಟ್ಟಿ ಮಾತು ಅದು. ಮಾವ ಅತ್ತೆಯ ಕಡೆ ನೋಡಿದರು. ಅತ್ತೆ ಮಗಳ ಸೊಂಟದ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು, ತಲೆ ಎತ್ತಲಿಲ್ಲ.

ಗೆದ್ದೆ ಎಂದುಕೊಂಡೆ ನಾನು. ಮನೆಗೆ ಹೋಗೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಮಾವ ಹಲಗೆಯ ಹತ್ತಿರ ಹೋದರು. ಬೇರೆಯವರ ಒಲೆಯ ಬ್ರೆಡ್ಡನ್ನು ಅವರು ಹುಟ್ಟಿದಾಗಿನಿಂದ ಬಾಯಿಗಿಟ್ಟವರಲ್ಲ. ನೆಂಟರ ಮನೆಯಲ್ಲಿ ಎದುರಿಗಿಟ್ಟರೆ ತಟ್ಟೆಯನ್ನು ಬೆರಳಿನಿಂದ ದೂರ ತಳ್ಳುವವರು. ಈಗ ಬ್ರೆಡ್ಡಿನ ನೆತ್ತಿಯ ಸೀಳನ್ನು ಬಗ್ಗಿ ನೋಡಿದರು. ಬೇಯಿಸುವ ಮೊದಲು ಚಾಕುವಿನಿಂದ ಓರೆಯಾಗಿ, ಬಾಲ ಬಿಟ್ಟು ಎಳೆದ ಸೀಳು. ಅದು ಅವರ ಕೈಯ ಸೀಳೇ. ಮಗಳಿಗೆ ಕೈಹಿಡಿದು ಕಲಿಸಿದ್ದಿರಬೇಕು. ನನಗೆ ಕಲಿಸಿಲ್ಲ.

ಅವರ ಹಿಂದೆ ಚೀಲ ಹಿಡಿದ ಹೆಂಗಸೊಬ್ಬಳು ಸರದಿಗೆ ಬಂದು ನಿಂತಳು.

“ಒಂದು ಬ್ರೆಡ್ಡು ಕೊಡಮ್ಮ” ಎಂದರು ಮಾವ. ಅಷ್ಟು ಸಣ್ಣ ದನಿ ಅವರಿಗೆ ಇದೆಯೆಂದು ನನಗೆ ಗೊತ್ತಿರಲಿಲ್ಲ.

ನಾದಿನಿ ಅವರನ್ನೇ ನೋಡಿದಳು. ಅವಳ ಕಣ್ಣು ತುಂಬಿತ್ತು. ಕೊಡುತ್ತಾಳೆ ಎಂದುಕೊಂಡೆ. ಅವಳ ಎರಡೂ ಕೈ ಬ್ರೆಡ್ಡಿನ ರಾಶಿಯ ಮೇಲೇ ಇದ್ದವು.

“ಇಲ್ಲ” ಎಂದಳು. “ಎಲ್ಲಾ ಖಾಲಿ ಆಯ್ತು.”

ಅತ್ತೆ ಮಗಳ ತೋಳು ಹಿಡಿದರು, ಅವಳು ಕೊಡವಿಕೊಂಡಳು. ಮಾವ ಬ್ರೆಡ್ಡುಗಳನ್ನು ನೋಡಿದರು, ಅವಳನ್ನು ನೋಡಿದರು. “ಸರಿ” ಎಂದು ಹಿಂದಿದ್ದ ಹೆಂಗಸಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತರು.

“ಏನು ಕೊಡ್ಲಿ?” ಎಂದು ನಾದಿನಿ ಆ ಹೆಂಗಸನ್ನು ಕೇಳಿದಳು. ಅವಳು ಎರಡು ಎಂದಳು. ನಾದಿನಿ ಎರಡು ಬ್ರೆಡ್ಡು ಆರಿಸಿ, ಕಾಗದದಲ್ಲಿ ಸುತ್ತಿ, ಅವಳ ಚೀಲಕ್ಕೆ ಹಾಕಿದಳು.