ಎಡೆ ಉಂಡವರು ಯಾರು?

೧
ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯಿಂದಲೋ, ಜಗಳೂರಿನ ಅಂಜಮ್ಮನಿಂದಲೋ? ಇಲಿಯಿಂದ ಶುರು ಮಾಡಿ ಈಗಾಗಲೇ ಹಾಳೆ ಹರಿದಿದ್ದೇನೆ. (ಹೊನ್ನಾಳಿಯವನಿಗೆ ಈ ಸೈನ್ಸ್ ಉಸಾಬರಿ ಯಾಕೆ ಅಂತೀರಾ? ನನಗೂ ಅದೇ ಡೌಟು.)

೨
೧೯೮೩, ಹಿರಿಯರ ಹಬ್ಬ. ಅಂಜಮ್ಮನ ಮಗಳು ಶಾಂತಾದೇವಿ ಊರಿಗೆ ಬಂದಿದ್ದಾಳೆ. ದನಗಳ ಕಾಲುಬಾಯಿ ರೋಗಕ್ಕೆ ಲಸಿಕೆ ಮಾಡುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಎಂದೋ ಸತ್ತ ಹ್ಯಾಮ್‌ಸ್ಟರ್ ಇಲಿಮರಿಯೊಂದರ ಕಿಡ್ನಿಯ ಜೀವಕೋಶಗಳನ್ನು ಬಾಟಲಿಯಲ್ಲಿ ಸಾಕುತ್ತಾಳೆ.

"ಏನು ಉಣ್ತಾವೆ ಅವು?" ಹೋಳಿಗೆ ತಟ್ಟುತ್ತಾ ಅಂಜಮ್ಮ ಕೇಳಿದಳು.

"ಅಮೈನೋ ಆಸಿಡ್ ಅಂತವ್ವಾ. ಬ್ಯಾಳೆ, ಹಾಲಿನಾಗೆ ಪ್ರೋಟೀನ್ ಇರ್ತೈತಲ್ಲ, ಅದರ ಚೂರು. ಗ್ಲುಟಮಿನ್ ಅನ್ನೋದು ಕಂಡ್ರೆ ಬಾಳ ಆಸೆ, ಮೊದ್ಲು ಅದನ್ನೇ ಖಾಲಿ ಮಾಡ್ತಾವೆ. ಉಂಡು ಅಮೋನಿಯಾ ಬಿಡ್ತಾವೆ. ಬಾಟ್ಲಿಯಾಗಿನ ರಸ ಬದಲು ಮಾಡ್ಲಿಲ್ಲ ಅಂದ್ರೆ ತಾವು ಬಿಟ್ಟಿದ್ರಾಗೇ ಸಾಯ್ತಾವೆ."

"ಸತ್ತ ಇಲಿ ಉಣ್ತೈತೆ?"

"ಇಲಿಯಲ್ಲವ್ವಾ, ಕೋಶ."

(ಇಲ್ಲಿ ಜಾಣತನ ತೋರಿಸಲು ನಾನೊಂದು ಪ್ಯಾರಾ ಬರೆದಿದ್ದೆ. "ತಗೀರಿ ಸಾರ್, ಎಲ್ಲಾ ತಪ್ಪೈತೆ" ಎಂದಳು ಶಾಂತಾದೇವಿ. ತೆಗೆದೆ.)

೪ (೩ ಇಲ್ಲ. ಕೇಳಬೇಡಿ.)
ಅಂಜಮ್ಮ ಕೈ ನಿಲ್ಲಿಸಿದಳು. "ನಮ್ಮ ಓಂಕಾರೀದೂ ಒಂದು ಚೂರು ತಗ್ದಿಟ್ಟಿದ್ರೆ ಉಣ್ತಿತ್ತೇನೇ?"

ಓಂಕಾರಪ್ಪ ಅವಳ ಮಗ. ಕಾಮಾಲೆಯಾಗಿ ತೀರಿಕೊಂಡ. ಈ ಸಲ ಅವನಿಗೆ ಮೊದಲ ಎಡೆ.

"ಚೂರು ಉಣ್ತಿತ್ತು. ಅಣ್ಣ ಅಲ್ಲ."

"ನಿನ್ನ ಬಾಟ್ಲಿಯಾಗೆ ಉಂಡಿದ್ದು ಖಾಲಿ ಆಗ್ತೈತೆ ಅಂತೀಯ. ನಿಮ್ಮಪ್ಪಗೆ ಇಟ್ಟ ಎಡೆ ಯಾವತ್ತೂ ಒಂದು ತುತ್ತೂ ಕಮ್ಮಿ ಆಗಿಲ್ಲ. ಹಂಗಾದ್ರೆ ಓಂಕಾರೀನೂ ಉಣ್ಣಲ್ಲೇನೇ?"

ಶಾಂತಾದೇವಿ ನನ್ನ ಕಡೆ ತಿರುಗಿದಳು. "ನೀವೇ ಹೇಳ್ರಿ, ಬರೆಯೋರು."

ಅಯ್ಯೋ, ನನ್ನನ್ನು ಕೇಳಿದರೆ? ನನಗಿದರ ತಲೆಬುಡ ತಿಳಿಯದು. ಪೆನ್ನು ತೆಗೆದು ಎರಡು ಕೊನೆ ಬರೆಯಲು ಕೂತೆ.

೫
ಕೊನೆ ಎ: ಅಂಜಮ್ಮ ಎಡೆ ಇಡುವುದಿಲ್ಲ. (ಬರೆದೆ. ಅವಳ ಮುಖ ನೋಡಲಾಗದೆ ಹೊಡೆದುಹಾಕಿದೆ.)

ಕೊನೆ ಬಿ: ಇಡುತ್ತಾಳೆ. ಸತ್ತವರು ನಾಚಿಕೆಯಿಲ್ಲದೆ ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರುತ್ತೇವೆ. ಪದ್ಧತಿ ಹಾಗೆ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆಗೆದರೆ, ಎಲೆಯ ಮೇಲಿನ ಹೋಳಿಗೆ...

ಬಾಗಿಲಿಗೆ ಕೈ ಹಾಕಿದೆ. ಅಂಜಮ್ಮ ನನ್ನ ಕೈ ಹಿಡಿದುಕೊಂಡಳು.

"ಕತೆ ಮುಗಿಸಾಕೆ ಅವಸರ ಮಾಡ್ಬ್ಯಾಡಪ್ಪಾ. ನನ್ನ ಮಗ ಸಣ್ಣೋನಿದ್ದಾಗಿಂದ್ಲೂ ಉಣ್ಣೋದು ನಿಧಾನ."