ಕೆಂಪು ಟೇಪಿನ ಪೈಪು

ಮಾನ್ಯ ವಾಚಕ ಮಹಾಶಯರ ಸನ್ನಿಧಿಗೆ ವಿನಯಪೂರ್ವಕ ಬಿನ್ನಹ: ವಾಯುವು ಪಂಚಭೂತಗಳಲ್ಲೊಂದಾಗಿದ್ದು, ಅದಕ್ಕೆ ಮಡಿ-ಮೈಲಿಗೆಯ ವಿವೇಚನೆ ಇಲ್ಲವೆಂಬುದು ಬಲ್ಲವರ ಮತ. ತರೀಕೆರೆಯ ಪಂಚಾಕ್ಷರಪ್ಪನವರ ಹೊಸ ಮನೆಯಲ್ಲಿ ನಡೆದ ಸಂಗತಿಯನ್ನು ಆ ಮತಕ್ಕೆ ಸಾಕ್ಷಿಯಾಗಿ ತಮ್ಮ ಮುಂದಿಡಲಾಗಿದೆ.

ಕೊಬ್ಬರಿ ವ್ಯಾಪಾರಿ ಪಂಚಾಕ್ಷರಪ್ಪನವರು ಕಿಟಕಿ ತೆರೆಯದೆಯೇ ಇಡೀ ಮನೆಗೆ ಗಾಳಿಯಾಡಿಸುವ ಯಂತ್ರ ಹಾಕಿಸಿದ್ದರು. ಅಡುಗೆಮನೆಯ ಚಿಮ್ನಿಗೆ ಬೇರೆ ದಾರಿ ಬೇಕಿತ್ತು. ಆಗ್ನೇಯದ ಗೋಡೆಗೆ ತೂತು ಕೂಡದೆಂದು ವಾಸ್ತುವಿನವರು ಅಪ್ಪಣೆ ಕೊಡಿಸಿದ್ದರಿಂದ ಚಿಮ್ನಿಯನ್ನೂ ಅದೇ ಯಂತ್ರಕ್ಕೆ ಸೇರಿಸುವುದೆಂದಾಯಿತು. ಸೇರಿಸಲು ಬಂದವನು ಯಗಟಿಯ ಕಾಂತರಾಜು. ಮನೆಯವರು ಕೆಲಸ ಸರಿಯಿದೆಯೆಂದು ಸಹಿ ಹಾಕಿದರೆ ಯಂತ್ರ ಮಾರಿದ ಕಡೂರಿನ ಅಂಗಡಿಯವರು ಮೂರು ತಾಲ್ಲೂಕಿನ ಫಿಟ್ಟಿಂಗ್ ಕೆಲಸವನ್ನು ಅವನಿಗೇ ವಹಿಸುವವರಿದ್ದರು. ದೂರು ಬಂದರೆ ಮತ್ತೆ ಗೋದಾಮಿನಲ್ಲಿ ಪೆಟ್ಟಿಗೆ ಹೊರುವುದೇ.

ಯಗಟಿಯಲ್ಲಿ ಯಾವ ಕೇರಿಯೆಂದು ಮೊದಲ ದಿನವೇ ವಿಚಾರಿಸಿಕೊಂಡ ಪಂಚಾಕ್ಷರಪ್ಪ, "ನಮ್ಮಲ್ಲಿ ಭೇದ-ಗೀದ ಏನಿಲ್ಲ ಕಣಪ್ಪಾ," ಎಂದಿದ್ದರು. "ನಮ್ಮಮ್ಮ ಒಸಿ ಮಡಿ. ಅಡುಗೆಮನೆ, ದೇವರ ಕೋಣೆ ಬಿಟ್ಟು ಎಲ್ಲಾ ಕಡೆ ಓಡಾಡು."

ಹೀಗಾಗಿ ಕಾಂತರಾಜು ತಾನು ಕಣ್ಣಾರೆ ಕಾಣದ ಅಡುಗೆಮನೆಗೆ ಪಡಸಾಲೆಯ ಸೀಲಿಂಗಿನೊಳಗಿಂದಲೇ ಎರಡು ಪೈಪು ತೂರಿಸಿದ. ಹೊಗೆಯನ್ನು ಹೊರಹಾಕುವುದಕ್ಕೆ ಕೆಂಪು ಟೇಪು ಸುತ್ತಿದ. ಕೋಣೆಗಳಿಗೆಲ್ಲ ಹೊಸ ಗಾಳಿ ಹಂಚುವುದಕ್ಕೆ ನೀಲಿ. "ಕೆಂಪಿಗೆ ಚಿಮ್ನಿ ಸಿಕ್ಕಿಸಿ ಸಾರ್," ಎಂದು ಹೊಸ್ತಿಲಾಚೆಯಿಂದ ಮನೆಯ ಮಗ ಓಂಕಾರೇಶನಿಗೆ ಮೂರು ಸಲ ಹೇಳಿದ. ಓಂಕಾರೇಶ ಸ್ನಾನ ಮುಗಿಸಿ ನಿಧಾನವಾಗಿ ಬಂದು ಸಿಕ್ಕಿಸಿದ.

ಮರುದಿನ ಮಠದ ಸ್ವಾಮಿಗಳ ಪಾದಪೂಜೆ. ಸಹಿಗಾಗಿ ಕಾಂತರಾಜು ಜಗಲಿಯಲ್ಲಿ ಕಾದಿದ್ದ. ಯಜಮಾನಿ ಕರಿಬಸಮ್ಮ ಗುಂಟೂರು ಮೆಣಸಿನಕಾಯಿಯ ಒಗ್ಗರಣೆ ಹಾಕಿ ಚಿಮ್ನಿಯ ಗುಂಡಿ ಒತ್ತಿದರು. ಅಡುಗೆಮನೆ ಕ್ಷಣದಲ್ಲಿ ತಿಳಿಯಾಯಿತು. ಆದರೆ ದೇವರ ಕೋಣೆಯಲ್ಲಿ ಅಂಗೈಯ ಲಿಂಗದಲ್ಲಿ ದೃಷ್ಟಿ ನೆಟ್ಟಿದ್ದ ಸ್ವಾಮಿಗಳು ಹನ್ನೊಂದು ಸಲ ಸೀನಿದರು. ಅವರ ಕಣ್ಣೀರನ್ನು ಭಕ್ತಿಪರವಶತೆಯೆಂದು ಭಾವಿಸಿ ಕೈಮುಗಿದವರೂ ಮರುಗಳಿಗೆಯಲ್ಲಿ ಕೆಮ್ಮತೊಡಗಿದರು.

"ಲೇ ಕಾಂತರಾಜು, ಏನೋ ಮಾಡಿಟ್ಟಿದ್ದೀಯಾ? ಬಾರೋ ಒಳಕ್ಕೆ," ಎಂದರು ಪಂಚಾಕ್ಷರಪ್ಪ.

ಕಾಂತರಾಜು ಹೊಸ್ತಿಲ ಬಳಿ ಬಂದು ನಿಂತ. "ಅಡುಗೆಮನೆಗಾ ಸಾರ್?"

"ಇನ್ನೆಲ್ಲಿಗೆ?"

"ಅಮ್ಮಾರು ಮಡಿ ಅಂದಿದ್ರಲ್ಲ."

"ಮಡಿ ಆಮೇಲೆ ನೋಡನ ಕಣೋ. ಸ್ವಾಮಿ ಬುದ್ಧೇರಿಗೆ ಉಸಿರು ಕಟ್ತಿದೆ."

ಒಳಗೆ ಹೋಗಿ ನೋಡಿದರೆ ಎರಡು ಪೈಪುಗಳೂ ಬೆಳಗಿದ ಪಾತ್ರೆಯಂತೆ ಹೊಳೆಯುತ್ತಿದ್ದವು. ಚಿಮ್ನಿ ಹೊಸ ಗಾಳಿಯ ಪೈಪಿಗೆ ಸಿಕ್ಕಿಕೊಂಡಿತ್ತು. "ಟೇಪು ಎಲ್ಲೋಯ್ತು ಸಾರ್?"

ಓಂಕಾರೇಶ ತನ್ನ ಅಜ್ಜಿ ಮಲ್ಲಿಕಾಂಬನವರ ಮುಖ ನೋಡಿದ. "ನೀನು ಮುಟ್ಟಿದ್ದಲ್ವೇನಪ್ಪಾ," ಎಂದರು ಆಕೆ, ಕಿಂಚಿತ್ತೂ ಅಳುಕದೆ. "ಮೊಮ್ಮಗ ಸಿಕ್ಸೋಕೆ ಮುಂಚೆ ಸೀಗೆಪುಡಿ ಹಾಕಿ ತೊಳ್ದೆ. ಬಣ್ಣಬಣ್ಣದ್ದು ಕಿತ್ಕಂಡು ಬಂತು."

"ಫ್ಯಾಕ್ಟ್ರಿಯಾಗೆ ಮುಟ್ಟಿದೋರ್ನೆಲ್ಲ ಲೆಕ್ಕ ಹಿಡಿದು ತೊಳ್ಯಾಕೆ ಹೋದ್ರೆ ಚಿಮ್ನೀನೇ ಉಳಿಯಾಕಿಲ್ಲ ಅಮ್ಮಾರೇ."

ಐದು ನಿಮಿಷದಲ್ಲಿ ಪೈಪು ಬದಲಾಯಿಸಿ, ಅಂಗಡಿಯ ಫಾರಂ ಮುಂದೆ ಹಿಡಿದ. "ಫಿಟ್ಟಿಂಗ್ ತಪ್ಪು ಅಂತ ಬರೀತೀನಿ ಕಣಯ್ಯಾ," ಎಂದು ಪಂಚಾಕ್ಷರಪ್ಪ ಕನ್ನಡಕ ಹುಡುಕಿದರು.

"ಬರೀರಿ ಸಾರ್. ಕಾರಣ ಅಂತ ಒಂದು ಕಾಲಂ ಐತೆ. ಟೇಪು ಯಾಕೆ ತೊಳೆದ್ರು ಅಂತ ಅದರಾಗೆ ಬರೀಬೇಕು."

ಕೆಂಪುಗಣ್ಣು ಒರೆಸಿಕೊಳ್ಳುತ್ತ ಸ್ವಾಮಿಗಳು ಬಾಗಿಲಿಗೆ ಬಂದಿದ್ದರು. ಸಮಾನತೆಯ ಕುರಿತ ಆಶೀರ್ವಚನ ಇನ್ನೂ ಬಾಕಿಯಿತ್ತು. "ಯಾಕೆ ತೊಳೆದರು?" ಎಂದು ಕೇಳಿದರು.

ಪಂಚಾಕ್ಷರಪ್ಪನವರಿಗೆ ಕನ್ನಡಕವಿಲ್ಲದೆಯೇ ಅಕ್ಷರ ಕಂಡಿತು. "ದೋಷವಿಲ್ಲ. ಕೆಲಸ ಅತ್ಯುತ್ತಮ," ಎಂದು ಬರೆದು, ಸಹಿ ಹಾಕಿ, ಸಾಲದ್ದಕ್ಕೆ ತಮ್ಮ ಕೊಬ್ಬರಿ ಅಂಗಡಿಯ ಮೊಹರನ್ನೂ ಒತ್ತಿದರು.

ಕಾಂತರಾಜು ಫಾರಂ ಮಡಚಿ ಎದೆಯ ಜೇಬಿಗಿಟ್ಟುಕೊಂಡು ಸಾಮಾನು ಚೀಲಕ್ಕೆ ತುಂಬಿದ. ಮೆಟ್ಟಿಲಿಳಿಯುವಾಗ ಅಡುಗೆಮನೆಯಲ್ಲಿ ಚೊಂಬಿನಿಂದ ನೀರು ಸುರಿಯುವ ಸದ್ದು ಕೇಳಿಸಿತು. ಅವನು ಹಿಂದಿರುಗಿ ನೋಡಲಿಲ್ಲ. ಈ ಸಲ ಪೈಪಿನ ಮೇಲೆ ಗುರುತನ್ನು ಮೊಳೆಯಿಂದ ಕೊರೆದಿದ್ದ.

ನಾಳೆ ಅಜ್ಜಂಪುರದಲ್ಲಿ ಇನ್ನೊಂದು ಮನೆ. ಬಸ್ಸು ನಿಲ್ದಾಣಕ್ಕೆ ಬಂದು ನಿಂತಾಗಿದೆ. ಕಥೆ ಹೇಳುವವನಿಗೂ ಅದೇ ಬಸ್ಸು ಬೇಕು. ಗಂಟು ಕಟ್ಟಿಯಾಯಿತು, ಹೊರಟಾಯಿತು.