ಸದರಿ ವಿಳಾಸ

ಒಂಬತ್ತನೇ ಸಲವೂ ಅದೇ ಬಿಳಿ ಪುಟ: 'ನಿಮ್ಮ ಕೋರಿಕೆಯನ್ನು ತಡೆಹಿಡಿಯಲಾಗಿದೆ.' ಎಚ್.ಡಿ. ಕೋಟೆ ಬಸ್ ನಿಲ್ದಾಣದ ಎದುರು, ಅರ್ಜಿ ತುಂಬಿಕೊಡುವ ತನ್ನ ಆನ್‌ಲೈನ್ ಅಂಗಡಿಯಲ್ಲಿ ಮಹೇಶ್‌ಕುಮಾರ್ ಗಡಿಯಾರ ನೋಡಿದ. ನಾಲ್ಕು ಐವತ್ತು. ನರ್ಸಿಂಗ್ ಕಾಲೇಜಿಗೆ ಅರ್ಜಿ ಹಾಕಲು ಇವತ್ತೇ ಕೊನೆ, ಅದೂ ಐದು ಗಂಟೆಯವರೆಗೆ.

ಬೆಂಚಿನ ಮೇಲೆ ಲಕ್ಷ್ಮಿದೇವಿ ಅಂಕಪಟ್ಟಿ ಹಿಡಿದು ಕೂತಿದ್ದಳು. ಎಂಬತ್ತೆಂಟು ಪರ್ಸೆಂಟಿನ ಹುಡುಗಿ. ಜಾತಿ ಪ್ರಮಾಣಪತ್ರ ಮಧ್ಯಾಹ್ನವಷ್ಟೇ ಕೈಗೆ ಸಿಕ್ಕಿ, ತಾಯಿ ಚಿಕ್ಕಸಿದ್ದಮ್ಮನ ಜೊತೆ ಓಡೋಡಿ ಬಂದಿದ್ದಳು.

"ಓಗ್ಲಿಲ್ವಾ ಸ್ವಾಮಿ?" ಎಂದಳು ತಾಯಿ.

"ಓಯ್ತದೆ ಕಣಮ್ಮ, ಇರಿ."

ಪುಟದ ಕೆಳಗಿದ್ದ ನಂಬರಿಗೆ ಫೋನು ಮಾಡಿದ. ಅದು ಕಾಲೇಜಿಗೆ ಹೋಗಲಿಲ್ಲ, ಹುಣಸೂರಿನ ಯಾವುದೋ ಸಣ್ಣ ಕಂಪನಿಗೆ ಹೋಯಿತು. ಎತ್ತಿದವಳು ಸ್ಪಂದನಾ ಅಂತ ಹೆಸರು ಹೇಳಿದಳು.

"ಕಾಲೇಜಿನ ವೆಬ್‌ಸೈಟ್ ನಮ್ದಲ್ಲ ಸರ್, ಅದು ಬೇರೆ ಕಡೆ ಇದೆ. ಅದ್ರ ಮುಂದೆ ನಮ್ಮ ಫೈರ್‌ವಾಲ್ ಇಟ್ಟಿದ್ದೀವಿ. ನೀವು ಕಳ್ಸಿದ್ದು ಮೊದ್ಲು ನಮ್ಮತ್ರ ಬಂದು, ತಪಾಸಣೆ ಆಗಿ ಅಲ್ಲಿಗೆ ಹೋಗ್ತದೆ. ಲೈನಲ್ಲೇ ಇರಿ, ನೋಡ್ತೀನಿ."

ಫೋನಿನಲ್ಲಿ ಕೊಳಲು ಶುರುವಾಯಿತು. ಮುಗಿಯುವ ಲಕ್ಷಣವೇ ಇರಲಿಲ್ಲ.

"ಸರ್, ಕಳ್ಳರು ಅಂತ ತಡ್ದದೆ."

"ಯಾರ್ನ?"

"ನಿಮ್ಮನ್ನೇ. ಖಾಯಂ ವಿಳಾಸ ಅಂತ ಇದ್ಯಲ್ಲ, ಅಲ್ಲಿ ಏನು ಹಾಕಿದ್ದೀರಿ?"

ಮೇಲಿನ ವಿಳಾಸವೇ ಕೆಳಗೂ ಇದ್ದರೆ ಇನ್ನೊಮ್ಮೆ ಬರೆಯುವ ತಾಪತ್ರಯ ನಮ್ಮವರಿಗೆ ಬೇಡ. ಎರಡು ಅಡ್ಡಗೀಟು, ನಡುವೆ ತುಸು ಮೇಲಕ್ಕೆ ಎರಡು ಪುಟ್ಟ ಉದ್ದಗೀಟು, ಮತ್ತೆರಡು ಅಡ್ಡಗೀಟು. ಸದರಿ ಎಂದರ್ಥ. ರೇಷನ್ ಕಾರ್ಡಿನ ಅರ್ಜಿಯಲ್ಲೂ ಯಾವ ಗುಮಾಸ್ತನೂ ಅದನ್ನು ತಪ್ಪೆಂದವನಲ್ಲ. ಮಹೇಶ್‌ಕುಮಾರ್ ಎಂಟು ವರ್ಷದಿಂದ ಕಣ್ಣುಮುಚ್ಚಿ ಹಾಕುತ್ತಿದ್ದುದೂ ಅದನ್ನೇ.

"ಸದರಿ ಅಂತ ಗೀಟು ಹಾಕಿದ್ದೀನಿ ಕಣಮ್ಮ."

"ಹ್ಯಾಕ್ ಮಾಡೋರೂ ಒಳಗೆ ನುಗ್ಗೋಕೆ ಅಂಥ ಗೀಟೇ ಹಾಕೋದು ಸರ್. ಪೂರ್ತಿ ಬರೀರಿ, ಹೋಗ್ತದೆ."

ಮನೆ ನಂಬರು, ಊರು, ಅಂಚೆ, ಹೋಬಳಿ ಎಲ್ಲ ಬರೆದು ಗುಂಡಿ ಒತ್ತಿದ. ಈ ಸಲ ಯಾರೂ ತಡೆಯಲಿಲ್ಲ. ಪುಟ ಸಲೀಸಾಗಿ ತೆರೆಯಿತು: 'ಅರ್ಜಿ ಸಲ್ಲಿಸುವ ಅವಧಿ ಮುಗಿದಿದೆ.' ಐದು ಗಂಟೆ ಎರಡು ನಿಮಿಷ.

"ಎರಡೇ ನಿಮಿಷ ಕಣಮ್ಮ," ಎಂದ ಫೋನಿಗೆ.

"ನಮ್ದು ಬಾಗ್ಲು ಕಾಯೋದಷ್ಟೇ ಸರ್. ಒಳಗಿಂದು ಕಾಲೇಜಿನೋರ್ದು."

ಮಹೇಶ್‌ಕುಮಾರ್ ಫೋನು ಕೆಳಗಿಟ್ಟ. ಸಿಟ್ಟಾಗಲಿ ನಾಚಿಕೆಯಾಗಲಿ ಬರಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಹೇಳುವ ಮಾತು ತಾನಾಗಿಯೇ ಬಾಯಿಗೆ ಬಂತು.

"ಸರ್ವರ್ ಡೌನು ಕಣಮ್ಮ. ಟೈಮ್ ಆಗೋಯ್ತು."

ಚಿಕ್ಕಸಿದ್ದಮ್ಮ ಮಗಳ ಮುಖ ನೋಡಿದಳು. ಆಮೇಲೆ ಇವನ ಕಡೆ ತಿರುಗಿದಳು.

"ಅದ್ಕೆ ನೀವೇನ್ ಮಾಡೀರಿ ಬುಡಿ ಸ್ವಾಮಿ. ಆಗ್ಲಿಂದ ಎಷ್ಟ್ ಒದ್ದಾಡುದ್ರಿ ನಮ್ಗೋಸ್ಕರ."

ಲಕ್ಷ್ಮಿದೇವಿ ಕಾಗದಗಳನ್ನು ಒಂದೊಂದಾಗಿ ಕವರಿಗೆ ಸೇರಿಸಿದಳು.

"ಫೋಟೊ ಕೊಡಣ್ಣ. ಬರೋ ವರ್ಷನೂ ನಿಮ್ಮತ್ರನೇ ಬತ್ತೀವಿ."

ಅವನು ಸ್ಕ್ಯಾನರಿನ ಮುಚ್ಚಳ ಎತ್ತಿದ. ಗಾಜಿಗೆ ಮುಖವಿಟ್ಟು ಬೋರಲಾಗಿದ್ದ ಫೋಟೊವನ್ನು ಉಗುರಿನಿಂದ ಎಬ್ಬಿಸಲು ನೋಡಿದ. ಅದು ಬೇಗ ಬರಲಿಲ್ಲ.